ಮಲಗಿದ್ದಾಗ ಬರೋ ದುಡ್ಡು

ಎರ್ರಿಸ್ವಾಮಿ ಇವತ್ತು ಬಂದವನೇ ಒಗ್ಗರಣಿ ಮಿರ್ಚಿಗೆ ಹೇಳಲಿಲ್ಲ. ಸೀದಾ ಬಂದು ಬಂಡಿ ಪಕ್ಕದ ಬೆಂಚಿನ ಮೇಲೆ ಕೂತು, ‘ನಾವೆಲ್ಲ ತಪ್ಪು ಮಾಡ್ತಿದ್ದೀವಿ’ ಅಂದ. ಅವನು ಹೀಗೆ ಅಂದಾಗೆಲ್ಲ ಹಿಂದಿನ ರಾತ್ರಿ ಯಾವುದೋ ವಿಡಿಯೋ ನೋಡಿರುತ್ತಾನೆ. ಹೋದ ವರ್ಷ ಡ್ರ್ಯಾಗನ್ ಫ್ರೂಟ್ ಇತ್ತು, ಅದಕ್ಕೂ ಹಿಂದೆ ಷೇರು.

‘ಏನಪ್ಪಾ ತಪ್ಪು?’ ಮೇಷ್ಟ್ರು ಕೇಳಿದರು. ಅವರಿಗೆ ತಪ್ಪು ಅಂದ ಕೂಡಲೇ ಕೆಂಪು ಪೆನ್ನು ನೆನಪಾಗುತ್ತೆ.

‘ಎದ್ದಿದ್ದಾಗ ಮಾತ್ರ ದುಡೀತೀವಲ್ಲ ಸಾರ್, ಅದೇ ತಪ್ಪು. ದುಡ್ಡು ಮಲಗಿದ್ದಾಗಲೂ ಬರಬೇಕು. ಪ್ಯಾಸಿವ್ ಇನ್‌ಕಮ್ ಅಂತ. ಒಂದು ಮನೆ ತಗೋಬೇಕು, ಬಾಡಿಗೆಗೆ ಕೊಡಬೇಕು, ಆ ಬಾಡಿಗೆಯಿಂದ ಇನ್ನೊಂದು. ನಲವತ್ತು ವಯಸ್ಸಿಗೆ ಹತ್ತು ಮನೆ!’

‘ನಿನಗೀಗ ಎಷ್ಟು?’

‘ಮೂವತ್ತೆಂಟು.’

‘ಎರಡು ವರ್ಷಕ್ಕೆ ಹತ್ತು ಮನೆ. ಹಾಗಾದ್ರೆ ಬೇಗ ಹೋಗಿ ಮಲಗು’ ಅಂದರು ಪಂಪಣ್ಣ, ಮಿರ್ಚಿಯ ತೊಟ್ಟು ಕಿತ್ತು ಬದಿಗಿಡುತ್ತಾ.

ಎರ್ರಿಸ್ವಾಮಿ ಇಂಥದ್ದಕ್ಕೆಲ್ಲ ಜಗ್ಗುವವನಲ್ಲ. ಅಮೆರಿಕದಲ್ಲಿ ಒಂದು ರೂಲು ಇದೆಯಂತೆ. ಮನೆಯ ಬೆಲೆಯಲ್ಲಿ ನೂರಕ್ಕೆ ಒಂದರಷ್ಟು ತಿಂಗಳ ಬಾಡಿಗೆ ಬಂದರೆ ಆ ಮನೆ ತಗೋಬಹುದು, ಇಲ್ಲಾಂದ್ರೆ ಬಿಡಬೇಕು. ಅವನು ಗಾಂಧಿನಗರದ ಕಡೆ ಒಂದು ಮನೆ ನೋಡಿಟ್ಟಿದ್ದಾನೆ, 60 ಲಕ್ಷ.

‘ಅಂದ್ರೆ ತಿಂಗಳಿಗೆ 60 ಸಾವಿರ ಬಾಡಿಗೆ. ಬಳ್ಳಾರಿಯಲ್ಲಿ ಅಷ್ಟು ಕೊಡೋ ತಾಕತ್ತಿರೋನು ನಿನ್ನ ಮನೆಗೆ ಬಾಡಿಗೆಗೆ ಯಾಕೆ ಬರ್ತಾನೋ? ಅವನೇ ನಿನ್ನನ್ನ ಬಾಡಿಗೆಗೆ ಇಟ್ಕೋತಾನೆ’ ಅಂದರು ಪಂಪಣ್ಣ.

‘ಹನ್ನೆರಡೋ ಹದಿಮೂರೋ ಸಾವಿರ ಬಂದ್ರೆ ಜಾಸ್ತಿ’ ಅಂತ ಬ್ಯಾಂಕಿನ ಹುಲುಗಪ್ಪ ಲೆಕ್ಕಕ್ಕಿಳಿದ. ಅವನು ರಜಾ ದಿನವೂ ಬಡ್ಡಿ ಹಾಕುವವನು. ‘60 ಲಕ್ಷದ ಮನೆಗೆ ನೂರಕ್ಕೆ ಎಂಬತ್ತರ ಮೇಲೆ ಸಾಲ ಸಿಗಲ್ಲ. 48 ಲಕ್ಷ ನಮ್ಮದು, 12 ಲಕ್ಷ ನಿನ್ನದು. ರಿಜಿಸ್ಟ್ರೇಷನ್ನಿಗೆ ಸ್ಟಾಂಪ್ ಡ್ಯೂಟಿ 5 ಪರ್ಸೆಂಟು, ರಿಜಿಸ್ಟ್ರೇಷನ್ ಫೀಸು 2025ರ ಆಗಸ್ಟ್ ಕೊನೆಯಿಂದ ಒಂದಿದ್ದದ್ದು ಎರಡಾಗಿದೆ, ಮೇಲೆ ಸೆಸ್ಸು. ಅಲ್ಲೇ ನಾಲ್ಕೂವರೆ ಲಕ್ಷ ಹೋಯ್ತು. 48 ಲಕ್ಷಕ್ಕೆ ಎಂಟೂವರೆ ಪರ್ಸೆಂಟಿನಂತೆ 20 ವರ್ಷ ಅಂದ್ರೆ ಕಂತು ತಿಂಗಳಿಗೆ 41 ಸಾವಿರ ಚಿಲ್ಲರೆ.’

‘ಬರೋದು ಹದಿಮೂರು, ಹೋಗೋದು ನಲವತ್ತೊಂದು’ ಅಂದರು ಪಂಪಣ್ಣ. ‘ದುಡ್ಡು ಮಲಗಿದ್ದಾಗ ಬರೋದೇನೋ ನಿಜ. ಬ್ಯಾಂಕು ಮಲಗಿದ್ದಾಗ ಬ್ಯಾಂಕಿಗೆ ಬರುತ್ತೆ.’

ಹುಲುಗಪ್ಪ ಇದನ್ನು ಹೊಗಳಿಕೆ ಅಂದುಕೊಂಡು ನಕ್ಕ.

‘ಅದಕ್ಕೇ ಹೌಸ್ ಹ್ಯಾಕಿಂಗ್ ಅಂತ ಒಂದಿದೆ’ ಎರ್ರಿಸ್ವಾಮಿ ಫೋನ್ ತೆಗೆದ. ‘ಒಂದು ಭಾಗದಲ್ಲಿ ನಾವಿರೋದು, ಇನ್ನೊಂದನ್ನ ಬಾಡಿಗೆಗೆ ಕೊಡೋದು. ಇದರ ಕೋರ್ಸಿಗೆ 4,999 ರೂಪಾಯಿ.’

‘ಕೆಳಗೆ ನಾವು, ಮೇಲೆ ಪೋರ್ಷನ್ನು. ಕೌಲ್ ಬಜಾರಿನಲ್ಲಿ ನಮ್ಮ ಸೋದರತ್ತೆ ಐವತ್ತು ವರ್ಷ ಇದನ್ನೇ ಮಾಡಿದಳು, ಹೆಬ್ಬೆಟ್ಟು ಒತ್ತುತ್ತಿದ್ದಳು ಪಾಪ, ಹ್ಯಾಕಿಂಗ್ ಅಂತ ಗೊತ್ತೇ ಇರಲಿಲ್ಲ. ಗೊತ್ತಾಗಿದ್ರೆ ಪೊಲೀಸರು ಬರ್ತಾರೆ ಅಂತ ಬಾಡಿಗೆಯವರನ್ನ ಬಿಡಿಸ್ತಿದ್ದಳು’ ಅಂದರು ಪಂಪಣ್ಣ.

ಮನೆ ಬೇಡ, ಸೈಟು ತಗೋತೀನಿ ಅಂತ ಎರ್ರಿಸ್ವಾಮಿ ಮಗ್ಗುಲು ಬದಲಾಯಿಸಿದ. ಜೇಬಿನಿಂದ ಬಣ್ಣದ ಪಾಂಪ್ಲೆಟ್ ಬಂತು. ಅದರಲ್ಲಿ ತೆಂಗಿನ ಮರ, ಈಜುಕೊಳ, ಬಳ್ಳಾರಿಯ ಬಿಸಿಲಿನಲ್ಲಿ ಸ್ವೆಟರ್ ಹಾಕಿಕೊಂಡು ನಗುವ ಒಂದು ಬಿಳಿ ಕುಟುಂಬ. ಕೆಳಗೆ ದಪ್ಪಕ್ಷರದಲ್ಲಿ ‘ಏರ್‌ಪೋರ್ಟಿಗೆ ಹತ್ತೇ ನಿಮಿಷ’.

‘ಯಾವ ಏರ್‌ಪೋರ್ಟು?’ ಮೇಷ್ಟ್ರಿಗೆ ಆಶ್ಚರ್ಯ.

‘ಚಾಗನೂರಿನದು ಸಾರ್, ಆಗುತ್ತಲ್ಲ ಅದು.’

‘ಅಲ್ಲಿ ರೈತರ ಜಮೀನು ಹೋಗಿ ಎಷ್ಟು ವರ್ಷ ಆಯ್ತು, ವಿಮಾನ ಮಾತ್ರ ಬಂದಿಲ್ಲ. ನಮಗೆ ಹತ್ತು ನಿಮಿಷ ಸರಿ, ವಿಮಾನಕ್ಕೆ ಎಷ್ಟು ಹೊತ್ತಂತೆ, ಅದನ್ನ ಬರೆದಿದ್ದಾರಾ ನೋಡು’ ಅಂದ ಪಂಪಣ್ಣ ಪಾಂಪ್ಲೆಟ್ ಇಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಧೂಳು ಕುಡಿದ ಕಣ್ಣು ಅದು. ‘ಎನ್‌ಎ, ಅಂದ್ರೆ ಕೃಷಿಯೇತರ ಅಂತ ಆಗಿದೆಯಾ? ನಗರಾಭಿವೃದ್ಧಿ ಪ್ರಾಧಿಕಾರ ಬುಡಾದ ಅಪ್ರೂವಲ್? ರಿಯಲ್ ಎಸ್ಟೇಟ್ ಪ್ರಾಧಿಕಾರದ ರೇರಾ ನಂಬರ್ ಎಲ್ಲಿ? 500 ಚದರ ಮೀಟರಿಗಿಂತ ದೊಡ್ಡ ಲೇಔಟ್ ಅಂದ್ರೆ ರೇರಾ ನೋಂದಣಿ ಇಲ್ಲದೆ ಜಾಹೀರಾತೇ ಕೊಡೋ ಹಾಗಿಲ್ಲ. ಇದರಲ್ಲಿ ಈಜುಕೊಳದ ಆಳ ಇದೆ, ರೇರಾ ನಂಬರ್ ಇಲ್ಲ. ಇನ್ನೂ ಪಹಣಿಯಲ್ಲಿ ಜೋಳ ಅಂತಲೇ ಇರುತ್ತೆ ನೋಡು. ನೀನು ತಗೊಳ್ಳೋದು ಸೈಟಲ್ಲ, ಎರಡು ಸಾಲು ಜೋಳ.’

‘ಹೋಗ್ಲಿ, ಗಂಗಾವತಿ ಕಡೆ ನೋಡಿದ್ದೆ. ಅಲ್ಲಿ ರೇಟು ಬೆಂಕಿ! ಇಲ್ಲಿ ಊರಾಚೆ ಒಂದಕ್ಕೆ ಮೂರು ಲಕ್ಷ ಅಂದ್ರೆ, ಅಲ್ಲಿ ಒಂದಕ್ಕೆ ಐದು ಲಕ್ಷ ಕೇಳ್ತಾರೆ.’

‘ಒಂದು ಏನಕ್ಕೆ?’

‘ಒಂದಕ್ಕೆ ಅಂದ್ರೆ... ಒಂದಕ್ಕೆ.’

ಪಂಪಣ್ಣ ಪ್ಲೇಟು ಕೆಳಗಿಟ್ಟರು. ‘ಲೇ, ನಾವು 1953ರ ತನಕ ಮದ್ರಾಸ್ ರಾಜ್ಯದವರು, ನಮ್ಮದು ಸೆಂಟು. ಹೊಳೆ ಆಚೆ ನಿಜಾಮನ ರಾಜ್ಯ, ಅವರದು ಗುಂಟೆ. ಇಲ್ಲಿ ಎಕರೆಗೆ ನೂರು ಸೆಂಟು, ಅಲ್ಲಿ ಎಕರೆಗೆ ನಲವತ್ತು ಗುಂಟೆ. ಒಂದು ಗುಂಟೆ ಅಂದ್ರೆ ಎರಡೂವರೆ ಸೆಂಟು ಕಣೋ. ಐದು ಲಕ್ಷಕ್ಕೆ ಗುಂಟೆ ಅಂದ್ರೆ ಸೆಂಟು ಎರಡು ಲಕ್ಷಕ್ಕೆ ಬಿತ್ತು. ಸೋವಿ ಇರೋದನ್ನ ದುಬಾರಿ ಅಂತ ಬಿಟ್ಟು ಬಂದಿದ್ದೀಯಲ್ಲ, ನಿನಗೆ ನಿಜವಾಗಲೂ ಹತ್ತು ಮನೆ ಆಗುತ್ತೆ.’

ಎರ್ರಿಸ್ವಾಮಿ ಸ್ವಲ್ಪ ಹೊತ್ತು ಸುಮ್ಮನಾದ. ಆಮೇಲೆ ಮೆಲ್ಲಗೆ, ‘ನಿಮ್ಮ ಭಾವನೂ ಬಾಡಿಗೆ ಮನೆ ಕಟ್ಟಿಸಿದ್ರಲ್ಲ?’ ಅಂತ ಮುಟ್ಟಿ ನೋಡಿದ.

‘ಕಟ್ಟಿಸಿದ. ಅದಿರು ಲಾರಿ ಓಡ್ತಿದ್ದ ಕಾಲ. ಮೈನಿಂಗ್ ಹುಡುಗರು ಕೇಳಿದಷ್ಟು ಬಾಡಿಗೆ ಕೊಡ್ತಿದ್ದರು. ಸಾಲ ಮಾಡಿ ಮೇಲೆ ಮೂರು ಪೋರ್ಷನ್ ಎಬ್ಬಿಸಿದ. ಆಗಲೂ ನಿದ್ದೆ ಇರಲಿಲ್ಲ ಅವನಿಗೆ. ರಾತ್ರಿ ಒಂದಕ್ಕೆ ಮೇಲಿನವರು ಬಾಗಿಲು ಬಡಿದು ಅಂಕಲ್ ಮೋಟರ್ ಹಾಕಿ ಅನ್ನೋರು, ಮೂರಕ್ಕೆ ಟ್ಯಾಂಕು ತುಂಬಿ ಇವನ ತಲೆದಿಂಬಿನ ಪಕ್ಕದ ಗೋಡೆ ಮೇಲೆ ನೀರು ಸುರಿಯೋದು. 2011ರಲ್ಲಿ ಸುಪ್ರೀಂ ಕೋರ್ಟು ಮೈನಿಂಗ್ ನಿಲ್ಲಿಸಿತು. ಒಂದು ತಿಂಗಳಲ್ಲಿ ಮೂರೂ ಖಾಲಿ. ಟು-ಲೆಟ್ ಬೋರ್ಡಿನ ಬಣ್ಣ ಬಿಸಿಲಿಗೆ ಹೋಗಿ, ಕೊನೆಗೆ ಟು ಮಾತ್ರ ಉಳಿದಿತ್ತು. ಈಗ ಕಂತು ಮುಗಿದಿದೆ, ಮೇಲೆ ಯಾರೂ ಗಲಾಟೆ ಮಾಡಲ್ಲ. ಆದ್ರೆ ನಿದ್ದೆಯ ಅಭ್ಯಾಸ ಹೋಗಿಬಿಟ್ಟಿದೆ, ಇನ್ನೂ ಮೂರಕ್ಕೆ ಏಳ್ತಾನೆ.’

ಯಾರೂ ನಗಲಿಲ್ಲ. ಬಂಡಿಯ ಸ್ಟೌ ಸದ್ದು ಮಾತ್ರ ಕೇಳುತ್ತಿತ್ತು.

‘ನೀವು ಚೆನ್ನಾಗಿ ಮಲಗ್ತೀರಾ ಪಂಪಣ್ಣ?’ ಮೇಷ್ಟ್ರು ಕೇಳಿದರು. ಅದೇನು ಕೇಳುವ ಮಾತಾ, ಆದರೂ ಕೇಳಿದರು.

‘ಊರಿನ ಮನೆಯಲ್ಲಿ ಮಲಗ್ತಿದ್ದೆ. ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುಂಚೆ ನಮ್ಮಪ್ಪ ಬಂಡಿಯಲ್ಲಿ ಸವುಳು ಮಣ್ಣು ತಂದು ಹಾಕ್ತಿದ್ದ. ಬೇಸಿಗೆಯಲ್ಲಿ ಸಂಜೆ ಮೇಲೆ ನೀರು ಚಿಮುಕಿಸಿ, ಕೌದಿ ಹಾಸಿ, ತಲೆ ಹತ್ರ ಒಂದು ಹೂಜಿ ಇಟ್ಕೊಂಡು ಒಂಬತ್ತು ಜನ ಸಾಲಾಗಿ ಬಿದ್ಕೋತಿದ್ವಿ. ದುಡ್ಡು ಎದ್ದಿದ್ದಾಗಲೂ ಬರ್ತಿರಲಿಲ್ಲ ಬಿಡಿ.’

‘ಈಗ ಯಾರಿದ್ದಾರೆ ಅಲ್ಲಿ?’

‘ಬೀಗ ಇದೆ. ನಾಲ್ಕು ಜನ ಅಣ್ಣತಮ್ಮಂದಿರು, ಎಂಟು ಸೆಂಟು ಜಾಗ. ತಲೆಗೆ ಎರಡು ಬರುತ್ತೆ, ಮೂಲೆ ಯಾರದು ಅಂತ ದಾವೆ ನಡೀತಿದೆ. ಅಷ್ಟರಲ್ಲಿ ಮಾಳಿಗೆ ಕುಸೀತು.’

ಎರ್ರಿಸ್ವಾಮಿ ಆಗಲೇ ಫೋನಿನಲ್ಲಿ ಗುಣಿಸುತ್ತಿದ್ದ. ಅವನ ತಪ್ಪಲ್ಲ, ಬೆರಳಿಗೆ ಅಂಟಿಬಿಟ್ಟಿದೆ. ‘ಎಂಟು ಸೆಂಟು ಅಂದ್ರೆ 3,485 ಅಡಿ. ಮೂವತ್ತು ನಲವತ್ತರ ಮೂರು ಸೈಟು ಕೂರಲ್ಲ ಪಂಪಣ್ಣ. ನೂರಾ ಹದಿನೈದು ಅಡಿ ಕಮ್ಮಿ ಬೀಳುತ್ತೆ.’

‘ಹೌದಾ? ಅಷ್ಟೇ ಜಾಗದಲ್ಲಿ ಒಂಬತ್ತು ಜನ ಮಲಗ್ತಿದ್ವಲ್ಲೋ’ ಅಂದರು ಪಂಪಣ್ಣ.

ಎರ್ರಿಸ್ವಾಮಿ ಫೋನು ಜೇಬಿಗೆ ಹಾಕಿಕೊಂಡು, ‘ಒಂದು ಪ್ಲೇಟ್ ಒಗ್ಗರಣಿ ಮಿರ್ಚಿ’ ಅಂತ ಕೂಗಿದ. ಬಂಡಿಯವನು ಬಾಣಲೆ ಇಳಿಸಿಯಾಗಿತ್ತು.