ಸ್ಪೋರ್ಟ್: ಆಟವೋ, ತಮಾಷೆಯೋ, ಮೆರೆಯುವುದೋ?

ಸ್ಪೋರ್ಟ್ ಅಂದರೆ ಕ್ರೀಡೆ, ಅಷ್ಟೇ ಅಂದುಕೊಂಡು ಓದುತ್ತಾ ಹೋದರೆ ಕೆಲವು ಇಂಗ್ಲಿಷ್ ವಾಕ್ಯಗಳಲ್ಲಿ ತಬ್ಬಿಬ್ಬಾಗುತ್ತೇವೆ. ಯಾರೋ ಗಡ್ಡವನ್ನು 'ಸ್ಪೋರ್ಟ್' ಮಾಡುತ್ತಿರುತ್ತಾನೆ. ಗಡ್ಡಕ್ಕೂ ಆಟಕ್ಕೂ ಏನು ನಂಟು? ತೋಟಗಾರಿಕೆಯವರು ನೆಕ್ಟರಿನ್ ಹಣ್ಣನ್ನು ಪೀಚ್‌ನ 'ಸ್ಪೋರ್ಟ್' ಅನ್ನುತ್ತಾರೆ. ಅದಂತೂ ಇನ್ನೂ ವಿಚಿತ್ರ.

ಈ ಪದದ ತಲೆ ಹಾರಿಹೋಗಿದೆ. ಮೊದಲಿಗೆ ಇದ್ದದ್ದು ಡಿಸ್‌ಪೋರ್ಟ್, ಅದು ಹಳೆಯ ಫ್ರೆಂಚಿನಿಂದ ಬಂದದ್ದು. ದೆಸ್ ಅಂದರೆ ಆಚೆಗೆ, ಪೋರ್ತೆರ್ ಅಂದರೆ ಹೊರು, ಒಯ್ಯು. ಪೋರ್ಟರ್, ಇಂಪೋರ್ಟ್, ಎಕ್ಸ್‌ಪೋರ್ಟ್, ಟ್ರಾನ್ಸ್‌ಪೋರ್ಟ್ ಎಲ್ಲ ಇದರ ದಾಯಾದಿಗಳೇ. ಅವೆಲ್ಲ ಸರಕು ಸಾಗಿಸಿದರೆ ಇದು ಮನಸ್ಸನ್ನು ಸಾಗಿಸುತ್ತಿತ್ತು. ಕೆಲಸ, ಚಿಂತೆ ಬಿಡಿಸಿ ಮನಸ್ಸನ್ನು ಬೇರೆ ಕಡೆ ಎಳೆದೊಯ್ಯುವ ಯಾವುದಾದರೂ ಸರಿ, ಅದು ಸ್ಪೋರ್ಟ್. ಬೆವರು ಬೇಕಿಲ್ಲ, ಗೆಲ್ಲಲೇಬೇಕು ಅಂತಲೂ ಇಲ್ಲ. 15ನೇ ಶತಮಾನದ ಹೊತ್ತಿಗೆ ಇಂಗ್ಲಿಷಿನವರು 'ಡಿ' ಉದುರಿಸಿದರು. ಸ್ಪ್ಯಾನಿಷಿನವರು ಈಗಲೂ ತಲೆ ಉಳಿಸಿಕೊಂಡು ದೆಪೋರ್ತೆ ಅನ್ನುತ್ತಾರೆ.

ಆ ಕಾಲದಲ್ಲಿ ಇದು ಎಷ್ಟು ಅಗಲವಾದ ಪದವಾಗಿತ್ತು ಅಂತ ತಿಳಿಯಲು ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸ್ 1618ರಲ್ಲಿ ಹೊರಡಿಸಿದ ಘೋಷಣೆ ನೋಡಬೇಕು. 'ಬುಕ್ ಆಫ್ ಸ್ಪೋರ್ಟ್ಸ್' ಅಂತಲೇ ಅದಕ್ಕೆ ಹೆಸರು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಜನ ಏನೇನು ಮಾಡಬಹುದು ಅನ್ನುವ ಪಟ್ಟಿ ಅದರಲ್ಲಿದೆ. ಕುಣಿತ, ಬಿಲ್ಲುವಿದ್ಯೆ, ಜಿಗಿತ, ಮೇ ತಿಂಗಳ ಹಬ್ಬದಲ್ಲಿ ಸುತ್ತ ಕುಣಿಯಲು ಕಂಬ ನೆಡುವುದು. ಚರ್ಚನ್ನು ಸಿಂಗರಿಸಲು ಹೆಂಗಸರು ಜೊಂಡು ಹೊತ್ತು ತರುವುದಕ್ಕೂ ಅಲ್ಲಿ ಅನುಮತಿ ಇದೆ! ಕರಡಿ, ಗೂಳಿಗಳ ಮೇಲೆ ನಾಯಿ ಛೂ ಬಿಡುವುದು ಮಾತ್ರ ಆ ದಿನ ಕೂಡದು.

ಹದಿನೆಂಟನೇ ಶತಮಾನದ ಬರಹಗಳಲ್ಲಿ 'ಸ್ಪೋರ್ಟ್ಸ್‌ಮನ್' ಅಂದರೆ ಜಾಸ್ತಿ ಮಟ್ಟಿಗೆ ಬೇಟೆಗಾರ. ಆಟಗಾರ ಅಂತ ಅನುವಾದ ಮಾಡಿದರೆ ಕಥೆಯೇ ಕೆಡುತ್ತದೆ. ಕಟ್ಟುನಿಟ್ಟಿನ ನಿಯಮ, ತಂಡ, ಪಂದ್ಯ ಅನ್ನುವ ಅರ್ಥ ಮುಂದೆ ಬಂದದ್ದು ಅದರ ನಂತರದ ಶತಮಾನದಲ್ಲಿ.

ಈಗ ಗಡ್ಡಕ್ಕೆ ಬರೋಣ. ಖುಷಿಯಾಗಿ ಓಡಾಡು, ನಾಲ್ಕು ಜನರೆದುರು ತೋರಿಸಿಕೊಂಡು ಓಡಾಡು, ಹಾಗೆಯೇ ತೊಟ್ಟು ಮೆರೆ. ಅರ್ಥ ಬೆಳೆದದ್ದು ಈ ದಾರಿಯಲ್ಲಿ. ಕನ್ನಡದ 'ಮೆರೆ' ಇದಕ್ಕೆ ಸರಿಯಾಗಿ ಕೂರುತ್ತದೆ, ಅಲ್ವಾ? ನೆಕ್ಟರಿನ್ ವಿಷಯದಲ್ಲಿ ಸ್ಪೋರ್ಟ್ ಅಂದರೆ ತಮಾಷೆ. ಪೀಚ್ ಹಣ್ಣಿಗೆ ಮೈತುಂಬ ನವಿರು ರೋಮ ಇರುತ್ತದೆ. ಅಂಥ ಮರದ ಒಂದು ಕೊಂಬೆಯಲ್ಲಿ ಮಾತ್ರ ಇದ್ದಕ್ಕಿದ್ದಂತೆ ನುಣುಪು ಹಣ್ಣು ಬಿಡುವುದುಂಟು, ಅದೇ ನೆಕ್ಟರಿನ್. ಡಾರ್ವಿನ್ 1868ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದಿದ್ದಾನೆ. ಪ್ರಕೃತಿ ಸುಮ್ನೆ ಆಟವಾಡಿತು ಅನ್ನುವ ಭಾವನೆ ಆ ಪದದಲ್ಲಿದೆ.

ನನ್ನ ಪ್ರಶ್ನೆ ಬೇರೆ. ಸೋತಾಗ ಬೇಜಾರು ಮಾಡಿಕೊಳ್ಳದವನನ್ನು, ಗೇಲಿಯನ್ನು ನಗುತ್ತಲೇ ತಗೊಳ್ಳುವವನನ್ನು ಇಂಗ್ಲಿಷಿನಲ್ಲಿ 'ಗುಡ್ ಸ್ಪೋರ್ಟ್' ಅನ್ನುತ್ತಾರೆ. ನಾವು 'ಸ್ಪೋರ್ಟಿವ್ ಆಗಿ ತಗೋ' ಅನ್ನುತ್ತೇವೆ, ಆದರೆ ಇಂಗ್ಲಿಷ್ ನಿಘಂಟುಗಳಲ್ಲಿ 'ಸ್ಪೋರ್ಟಿವ್'ಗೆ ಮೊದಲು ಸಿಗುವುದು ತುಂಟಾಟದ ಅರ್ಥ. 'ಕ್ರೀಡಾ ಮನೋಭಾವ' ಭಾಷಣಕ್ಕೆ ಸರಿ, ಗೆಳೆಯನ ಹತ್ತಿರ ಹೇಳಲು ಬಾಯಿ ಬರುವುದಿಲ್ಲ. ಮನೆಮಾತಿನಲ್ಲಿ ಇದಕ್ಕೆ ಯಾರಾದರೂ ಏನಾದರೂ ಬಳಸುತ್ತೀರಾ?