ಉದ್ದುದ್ದ ಇಂಗ್ಲಿಷ್ ಪದ ಒಡೆಯೋದು ಹೇಗೆ? ಅನುಭವ ಇದ್ದೋರು ಹೇಳಿ

ವಿಜಯನಗರದ ಅಮ್ಮ: ಮಗಳು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಈಗ ಪಿಯು ಸೈನ್ಸ್. ಉದ್ದ ಪದ ಬಂದ್ರೆ ಅರ್ಧ ಓದಿ ಉಳಿದದ್ದು ಊಹೆ. ಸಿಲಬಲ್, ಅಂದ್ರೆ ಬಾಯಲ್ಲಿ ಒಡೆಯೋ ತುಂಡು, ಎಣಿಸಿ ಕಲಿಸಲೋ, ಅರ್ಥ ಇರೋ ಭಾಗ ಬಿಡಿಸಿ ಕಲಿಸಲೋ?

ಬಸವನಗುಡಿ ಮೇಷ್ಟ್ರು: ಭಾಗ, ಎರಡು ಮಾತಿಲ್ಲ. ಫೋಟೋಸಿಂಥೆಸಿಸ್ ಅಂದ್ರೆ ಫೋಟೋ, ಸಿನ್, ಥೆಸಿಸ್. ಹತ್ತನೇ ಕ್ಲಾಸಿನ ದ್ಯುತಿಸಂಶ್ಲೇಷಣೆಯದ್ದೂ ಅದೇ ಅಚ್ಚು: ದ್ಯುತಿ, ಸಂ, ಶ್ಲೇಷಣೆ. ಕಾರ್ಡಿನ ಒಂದು ಬದಿ ಇಂಗ್ಲಿಷ್ ಭಾಗ, ಹಿಂದೆ ಕನ್ನಡ. ದಿನಕ್ಕೆ 5 ಕಾರ್ಡ್. 20 ತುರುಕಿದ್ರೆ ಮೂರನೇ ದಿನಕ್ಕೆ ಹೈಪರ್ (ಹೆಚ್ಚು), ಹೈಪೋ (ಕಡಿಮೆ) ಕಲಸಿಹೋಗ್ತವೆ. ಆ ಜೋಡಿಯನ್ನ ಒಂದೇ ವಾರ ಕೊಡ್ಲೇಬೇಡಿ. 'ಅಲ್ಲ' ಅನ್ನೋ ಅರ್ಥದ 'ಇನ್' ಇಂಪಾಸಿಬಲ್‌ನಲ್ಲಿ ಇಮ್, ಇಲ್ಲೀಗಲ್‌ನಲ್ಲಿ ಇಲ್. ಸಂಧಿ ಓದಿದವಳಿಗೆ ಇದೇನು ಹೊಸದಾ?

ರಾಜಾಜಿನಗರ ಟ್ಯೂಷನ್ ಅಕ್ಕ: ಬಾಯಿಗೇ ಬರದ ಪದದ ಅರ್ಥ ಕಟ್ಕೊಂಡು ಏನ್ಮಾಡ್ತಾಳೆ ಮೇಷ್ಟ್ರೇ? ಮೊದಲು ಸಿಲಬಲ್. ಸ್ವರ ಕೇಳಿಸಿದ ಕಡೆಯೆಲ್ಲ ಪೆನ್ಸಿಲ್ ಚುಕ್ಕಿ. ಎರಡು ಚುಕ್ಕಿ ನಡುವೆ ಎರಡು ವ್ಯಂಜನ ಇದ್ರೆ ಮಧ್ಯಕ್ಕೆ ಗೆರೆ. ಕನ್ನಡ ಮಾಧ್ಯಮದ ಮಕ್ಕಳು ಎಡವೋದು ಇಲ್ಲೇ. ಒತ್ತಕ್ಷರವನ್ನ ಒಂದೇ ಅಕ್ಷರ ಅಂತ ಹಿಡಿದು ಮ್ಯಾ-ಗ್ನೆಟ್ ಅಂತಾರೆ. ಪ್ರಸ್ತಾರ ಹಾಕಿಸಿ: 'ಕನ್ನಡ'ದಲ್ಲಿ ಕ ಯಾಕೆ ಗುರು? ಉಸಿರು ಕನ್-ನ-ಡ ಅಂತ ಒಡೆಯೋದಕ್ಕೆ. ಹಂಗೇ ಮ್ಯಾಗ್-ನೆಟ್. ಆಮೇಲೆ ಒತ್ತಿ ಹೇಳೋ ಜಾಗ: ಫೋಟೋಗ್ರಾಫ್‌ನಲ್ಲಿ ಮೊದಲ ಸಿಲಬಲ್, ಫೋಟೋಗ್ರಫರ್‌ನಲ್ಲಿ ಎರಡನೆಯದು, ಫೋಟೋಗ್ರಾಫಿಕ್‌ನಲ್ಲಿ ಮೂರನೆಯದು. ಇದನ್ನ ನಿಮ್ಮ ಕಾರ್ಡ್ ಹೇಳಲ್ಲ.

ಬಸವನಗುಡಿ ಮೇಷ್ಟ್ರು: ನಿಮ್ಮ ಗೆರೆಗೆ ಹೆಲಿಕಾಪ್ಟರ್ 'ಕಾಪ್-ಟರ್' ಆಗಿ ರೆಕ್ಕೆ ಮುರೀತು. ಗ್ರೀಕಲ್ಲಿ ಹೆಲಿಕ್ಸ್ ಸುರುಳಿ, ಪ್ಟೆರಾನ್ ರೆಕ್ಕೆ. ನೀವು ಬೈದ ಒತ್ತಕ್ಷರವೇ 'ಪ್ಟ'ವನ್ನ ಒಟ್ಟಿಗೆ ಕಾಪಾಡಿದೆ, ನೋಡಿಕೊಳ್ಳಿ.

ರಾಜಾಜಿನಗರ ಟ್ಯೂಷನ್ ಅಕ್ಕ: ಸರಿ, ಅಂಕಲ್ ಸ್ಪೆಲಿಂಗಲ್ಲಿ ಯು-ಎನ್ ಇದೆ. ಆ 'ಅನ್' ಕಿತ್ತು ಮಿಕ್ಕಿದ 'ಕಲ್'ಗೆ ಅರ್ಥ ಹೇಳಿ. ಕಲ್ಲೇ ಗತಿ!

ಚಾಮರಾಜಪೇಟೆ ಪ್ರೂಫ್ ರೀಡರ್: ಜಗಳದ ಮಧ್ಯೆ ಒಂದು ವಿಷಯ. ಮೆರಿಯಂ-ವೆಬ್‌ಸ್ಟರ್ ನಿಘಂಟಿನಲ್ಲಿ ಪದದ ನಡುವಿನ ಚುಕ್ಕಿ ನಂಬಿ ಸಿಲಬಲ್ ಎಣಿಸಬೇಡಿ. ಅದು ಸಾಲಿನ ತುದಿಯಲ್ಲಿ ಪದ ಮುರಿಯೋ ಜಾಗ. ಒಂಟಿ ಅಕ್ಷರ ತುದಿಗೆ ಬಿಡಬಾರದು ಅಂತ 'ಈವಿಲ್'ಗೆ ಚುಕ್ಕಿಯೇ ಇಲ್ಲ, ಬಾಯಲ್ಲಿ ಮಾತ್ರ ಎರಡು ಸಿಲಬಲ್. ಪಕ್ಕದ ಉಚ್ಚಾರಣೆಯಲ್ಲಿರೋ ಅಡ್ಡಗೆರೆ ನೋಡಿ ತುಂಡು ಎಣಿಸಿ.

ರಾಜಾಜಿನಗರ ಟ್ಯೂಷನ್ ಅಕ್ಕ: ಹಂಗಾದ್ರೆ ಕಂಫರ್ಟಬಲ್ ಎಷ್ಟು?

ಚಾಮರಾಜಪೇಟೆ ಪ್ರೂಫ್ ರೀಡರ್: ಬಿಡಿಸಿ ಹೇಳಿದ್ರೆ ನಾಲ್ಕು. ಸಾಮಾನ್ಯ ಮಾತಲ್ಲಿ ಮೂರು: ಕಂಫ್-ಟ-ಬಲ್.

ಬಸವನಗುಡಿ ಮೇಷ್ಟ್ರು: ನಾಲ್ಕೇ. ಕಂ-ಫರ್-ಟೇ-ಬಲ್.

ರಾಜಾಜಿನಗರ ಟ್ಯೂಷನ್ ಅಕ್ಕ: ಭಾಗ ಬಿಡಿಸೋರು ನೀವೇ ಅಲ್ವಾ? ಕಂಫರ್ಟ್, ಏಬಲ್. ಅದರೊಳಗೆ ಮೇಜು ಎಲ್ಲಿಂದ ಬಂತು ಮೇಷ್ಟ್ರೇ?