ಮೊದಲ ಕಥಾಸಂಕಲನ: ಕೊನೆಯ ಸಾಲುಗಳಲ್ಲಿ ಸಿಕ್ಕಿಕೊಂಡಿದ್ದೇನೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವಳು, ವಯಸ್ಸು 41. ಆರು ವರ್ಷಗಳಲ್ಲಿ ಬರೆದ 11 ಕಥೆಗಳು ಕೈಯಲ್ಲಿವೆ. ಅವುಗಳಲ್ಲಿ ಎರಡು ಕಥೆಗಳು ಪತ್ರಿಕೆಗಳಲ್ಲಿ ಬಂದಿವೆ. ಉಳಿದವಕ್ಕೆ ಉತ್ತರವೇ ಬಂದಿಲ್ಲ.

ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನ ಯುವ ಬರಹಗಾರರಿಗೆ ಮಾತ್ರ. ಒಬ್ಬ ಪ್ರಕಾಶಕರು 300 ಪ್ರತಿಗಳನ್ನು ನಾನೇ ಕೊಳ್ಳಬೇಕೆಂದರು. ಬೇಕಾದರೆ ಸ್ವಂತವಾಗಿ ಅಚ್ಚು ಹಾಕಿಸುತ್ತೇನೆ, ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಹೇಗೂ ಉಚಿತವಾಗಿ ಸಿಗುತ್ತದೆ. ಕಷ್ಟವಿರುವುದು ಬೇರೆ ಕಡೆ.

ಹಸ್ತಪ್ರತಿ ಓದಿದ ಹಿರಿಯರೊಬ್ಬರು, "ಕಥೆ ಮುಗಿದ ಮೇಲೂ ನೀವು ಮಾತನಾಡುತ್ತೀರಿ" ಎಂದರು. ಅಂದಿನಿಂದ ಅದೇ ಗುಂಗು. ಒಂದು ಕಥೆಯಲ್ಲಿ ಮನೆ ಪಾಲಾದ ದಿನ ಅಜ್ಜಿ ಅಡಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತೋಟದ ಕಡೆ ನಡೆಯುತ್ತಾಳೆ. ಆಮೇಲೆ ಅವಳ ದುಃಖದ ಬಗ್ಗೆ ನಾಲ್ಕು ಸಾಲುಗಳಿವೆ. ಅವನ್ನು ತೆಗೆದು ಓದಿದೆ, ಕಥೆ ಬಿಗಿಯಾಯಿತು. ಆದರೆ ತಂಗಿಗೆ ಕೊಟ್ಟರೆ, "ಅಜ್ಜಿ ಎಲ್ಲಿಗೆ ಹೋದಳಕ್ಕಾ?" ಎಂದು ಕೇಳಿದಳು. ಮತ್ತೆ ಸೇರಿಸಿದೆ. ಗಟ್ಟಿಯಾಗಿ ಓದಿ ನೋಡಿದೆ, ಎರಡು ತಿಂಗಳು ಮುಟ್ಟದೆಯೂ ಇಟ್ಟೆ. ಈಗ ನನ್ನ ಕಿವಿಯ ಮೇಲೆ ನನಗೇ ನಂಬಿಕೆ ಉಳಿದಿಲ್ಲ.

ಕಥೆ ಬರೆಯುವವರಲ್ಲಿ ನನ್ನ ಪ್ರಶ್ನೆ ಇಷ್ಟೇ: ಕೊನೆಯ ಸಾಲುಗಳು ಕಥೆಗೆ ಬೇಕೋ, ಬರೀ ವಿವರಣೆಯೋ ಎಂದು ನೀವು ಹೇಗೆ ತೀರ್ಮಾನಿಸುತ್ತೀರಿ? ನಿಮ್ಮದೇ ಕಥೆಯೊಂದರ ಉದಾಹರಣೆ ಕೊಟ್ಟು ತಿಳಿಸುತ್ತೀರಾ?